ಗಡಿಗಿ ಅಜ್ಜಾರು

ಕಲಘಟಗಿಯ ಮಡಿವಾಳೆಪ್ಪ ತೊಟ್ಟಿಲಿಗೆ ಬಣ್ಣ ಹಚ್ಚಲು ಕೂತನೆಂದರೆ ಬೀದಿಯ ಕಾಗೆಗಳೂ ಬಾಯಿ ಮುಚ್ಚುತ್ತಿದ್ದವು. ಸುಳ್ಳಲ್ಲ. ಅವನು ಬರೆದ ಗಿಳಿಯನ್ನು ಹಿಡಿಯಲು ಹೋಗಿ ಮೂರು ಬೆಕ್ಕುಗಳು ಹಲ್ಲು ಮುರಿದುಕೊಂಡಿದ್ದವು. ನಾಲ್ಕನೆಯದು ನಾಚಿಕೆಯಿಂದ ಊರನ್ನೇ ಬಿಟ್ಟಿತ್ತು. ಅವನ ತೊಟ್ಟಿಲಲ್ಲಿ ಮಲಗಿದ ಕೂಸು ಅತ್ತದ್ದನ್ನು ಹುಬ್ಬಳ್ಳಿಯಿಂದ ಈಚೆ ಯಾರೂ ಕೇಳಿಲ್ಲ.

ಸಾಗವಾನಿ ಕೊಯ್ದು, ಹಲಗೆ ಮಾಡಿ, ಕೊನೆಗೆ ತೊಟ್ಟಿಲು ಜೋಡಿಸಿ ಕೊಡುವವನು ಬಡಿಗ ಈರಬಸಪ್ಪ. ಇಬ್ಬರದೂ ಇಪ್ಪತ್ತೆರಡು ವರ್ಷದ ಜೋಡಿ. ಒಬ್ಬನಿಗೆ ಸೀನು ಬಂದರೆ ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಿದ್ದ.

ಎಂಬತ್ತೈದನೆಯ ಇಸವಿಯಲ್ಲಿ ದೇವಿಕೊಪ್ಪದ ಮಹಾದೇವಕ್ಕ ಮೊಮ್ಮಗನಿಗೆಂದು ತೊಟ್ಟಿಲು ಮಾಡಿಕೊಡಲು ಹೇಳಿದಳು. "ಶರಣರ ಕಥಿ ಬರಿಯಪ್ಪಾ. ಯಾವುದರ ಇರ್ಲಿ, ಕೂಸಿಗೆ ಒಳ್ಳೇದಾಗಬೇಕು."

ಯಾವುದಾದರೂ ಇರಲಿ! ಈ ಒಂದು ಮಾತಿಗೆ ಮಡಿವಾಳೆಪ್ಪ ಹುಟ್ಟಿದಾಗಿನಿಂದ ಕಾಯುತ್ತಿದ್ದ. ಅಲ್ಲಿಯವರೆಗೆ ಅವನು ಬರೆದದ್ದೆಲ್ಲ ಅಪ್ಪ ಬರೆದ ಚಿತ್ರ, ಅಪ್ಪ ಬರೆದದ್ದೆಲ್ಲ ಅಜ್ಜ ಬರೆದದ್ದು. ಈಗ ಸ್ವಂತದ್ದೊಂದು ಕಥೆ ಕಟ್ಟಿದ. ತೊಟ್ಟಿಲಿಗೆ ಒಂದೊಂದು ಬದಿಗೆ ಮೂರರಂತೆ ಆರು ಹಲಗೆ. ಮೊದಲನೆಯದರಲ್ಲಿ ಕಳ್ಳನೊಬ್ಬ ಶರಣನ ಮನೆಗೆ ಕನ್ನ ಕೊರೆದು, ಒಳಗೆ ನುಗ್ಗಿ, ತುಪ್ಪದ ಆಸೆಗೆ ಗಡಿಗೆಯೊಳಗೆ ತಲೆ ತೂರಿಸಿದ್ದಾನೆ. ತಲೆ ಸಿಕ್ಕಿಬಿದ್ದಿದೆ. ಎರಡನೆಯದರಲ್ಲಿ ಶರಣ ಎದ್ದು ಬಂದು, ಯಾರೋ ಅತಿಥಿ ಎಂದುಕೊಂಡು ಗಡಿಗೆ ಹೊತ್ತವನ ಕಾಲು ತೊಳೆಯುತ್ತಿದ್ದಾನೆ. ಮುಂದೆ ಗಡಿಗೆ ಒಡೆಯುವುದು, ಊಟ, ಕಳ್ಳನ ಕಣ್ಣೀರು. ಆರನೆಯದರಲ್ಲಿ ಕಳ್ಳ ತಾನು ಕೊರೆದ ಕನ್ನಕ್ಕೆ ತಾನೇ ಮಣ್ಣು ಮೆತ್ತುತ್ತಿದ್ದಾನೆ. ನೋಡಿದವರು ಮೊದಲು ನಗಬೇಕು, ಆಮೇಲೆ ಸುಮ್ಮನಾಗಬೇಕು. ಅಷ್ಟೇ ಅವನ ಆಸೆ. ಅಷ್ಟಕ್ಕೆ ಎರಡು ತಿಂಗಳು ಬೆನ್ನು ನೆಟ್ಟಗೆ ಮಾಡಿರಲಿಲ್ಲ.

"ಲೇ ಮಡಿವಾಳ, ಶರಣರ ತೊಟ್ಟಿಲಕ್ಕ ಕಳ್ಳನ್ನ ಮುಂದ ನಿಂದ್ರಿಸಿಯಲ್ಲೋ!" ಎಂದಿದ್ದ ಈರಬಸಪ್ಪ.

"ಕಳ್ಳ ಇಲ್ಲಂದ್ರ ಶರಣ ಯಾರನ್ನ ತಿದ್ದಬೇಕೋ? ನಿನ್ನೇನು?"

ಈರಬಸಪ್ಪ ನಕ್ಕ ನಗೆಗೆ ಮಾಳಿಗೆಯ ಮಣ್ಣು ಉದುರಿತ್ತು. ಆ ನಗು ಕೇಳಿಯೇ ಮಡಿವಾಳೆಪ್ಪ ತನ್ನ ಕಥೆ ಗೆದ್ದಿತೆಂದು ತಿಳಿದ. ಹಲಗೆಗಳನ್ನು ಗೆಳೆಯನ ಕೈಗಿಟ್ಟು ನಿಶ್ಚಿಂತೆಯಿಂದ ನಿದ್ದೆಹೋದ.

ಹೆಸರಿಡುವ ದಿನ ಅವನು ದೇವಿಕೊಪ್ಪ ಮುಟ್ಟುವಷ್ಟರಲ್ಲಿ ಈರಬಸಪ್ಪ ತೊಟ್ಟಿಲು ಜೋಡಿಸಿ ತೂಗುಹಾಕಿದ್ದ. ಸುತ್ತ ಹೆಂಗಸರು, ಕೈಯಲ್ಲಿ ಗುಗ್ಗರಿ. ಮಡಿವಾಳೆಪ್ಪ ಬಾಗಿಲಲ್ಲೇ ನಿಂತು ನಗುವಿಗೆ ಕಿವಿಗೊಟ್ಟ.

ಯಾರೂ ನಗಲಿಲ್ಲ.

"ಈ ಗಡಿಗಿ ಹೊತ್ತವರು ಯಾರ್ ಬೇ?" ಎಂದಳು ಬಾಜು ಮನೆಯ ಗುರವ್ವ.

"ಯಾರೋ ದೊಡ್ಡ ಶರಣರು ಇರಬೇಕು. ಕಾಲು ತೊಳ್ಯಾಕತ್ತಾರ, ನೋಡಬಾರ್ದ?" ಎಂದಳು ಅವಳ ತಂಗಿ ನೀಲಕ್ಕ.

"ಮಾರಿ ಯಾಕ ಮುಚ್ಯಾರ ಮತ್ತ?"

"ವ್ರತಾ ಬೇ. ಇಲ್ಲಿ ನೋಡು, ತಾವ ಮಣ್ಣು ಕಲಿಸಿ ಬಡವರಿಗೆ ಮನಿ ಕಟ್ಟಿ ಕೊಡಾಕತ್ತಾರ."

"ಹೌದ್ರಿ, ಗಡಿಗಿ ಅಜ್ಜಾರ ಅವರು. ಭಾಳ ಜಾಗೃತ," ಎಂದ ಈರಬಸಪ್ಪ, ಕಣ್ಣು ಸಹ ಪಿಳುಕಿಸದೆ.

ಗುರವ್ವ ಗುಗ್ಗರಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಕಳ್ಳನಿಗೆ ಅಡ್ಡಬಿದ್ದಳು.

ಮಡಿವಾಳೆಪ್ಪ ಜನರನ್ನು ಸರಿಸಿ ಮುಂದೆ ಬಂದ. ಮೊದಲ ಹಲಗೆಯಲ್ಲಿ ಕನ್ನವಿಲ್ಲ, ತುಪ್ಪವಿಲ್ಲ. ಅವುಗಳ ಜಾಗದಲ್ಲಿ ಕುಂಬಳಕಾಯಿ ಗಾತ್ರದ ಸೊಟ್ಟ ಅಕ್ಷರಗಳು: ಶಿವನನ್ನು ನಂಬಿ ನಡೆದವರಿಗೆ ಕೇಡಿಲ್ಲ. ಆ ಸೊಟ್ಟ 'ಡಿ' ಯಾರದೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಹಲಗೆಗಳ ಹಿಂದೆ ಗಿರಾಕಿಗಳ ಹೆಸರು ಬರೆದ ಕೈ ಅದು.

"ಏನಲೇ ಇದು?"

"ಅಕ್ಕಾರ ಹೇಳಿದ್ರು," ಎಂದ ಈರಬಸಪ್ಪ ಮೆಲ್ಲಗೆ.

ಮಹಾದೇವಕ್ಕನ ಕಿವಿ ಚುರುಕು. "ನಾ ಏನು ಹೇಳಿದೆನಪಾ? ಒಂದು ಒಳ್ಳೆ ಮಾತು ಎಲ್ಲೆರ ಮೂಲ್ಯಾಗ ಬರಸ್ರಿ ಅಂದಿದ್ದೆ. ಜಾಗಾ ನೀನ ಹುಡುಕಿದಿ."

ಈರಬಸಪ್ಪ ಗೆಳೆಯನ ತೋಳು ಹಿಡಿದು ಹಿತ್ತಲಿಗೆ ಎಳೆದ. "ಸಿಟ್ಟಾಗಬ್ಯಾಡೋ. ಮಠದ ಮಂದಿ ಬಂದಿದ್ರು ಅಂಗಡಿಗೆ. ಕಳ್ಳನ್ನ ನೋಡಿ ಮಾರಿ ಸಿಂಡರಿಸಿದ್ರು. ನಿನಗ ಕೇಳಿದ್ರ ನೀ ಒಪ್ಪತಿದ್ದೇನು?"

"ನೀ ನಕ್ಕಿದ್ದಿಯಲ್ಲೋ."

"ನಗಿ ಬಂತು, ನಕ್ಕೆ. ನಗಿ ಬ್ಯಾರೆ, ತೊಟ್ಟಿಲ ಬ್ಯಾರೆ. ನಿನ್ನ ಕಳ್ಳ ಎಲ್ಲೂ ಹೋಗಿಲ್ಲ ತಗೋ, ಹಲಗಿ ತಿರುವಿ ಹಾಕೀನಿ. ಒಳಗ ಕೂಸಿನ ಬಾಜುಕ್ಕ ಅದಾನ."

ಮಡಿವಾಳೆಪ್ಪನ ಎದೆ ಅಂಗುಲದಷ್ಟು ಹಗುರಾಯಿತು. ಒಳಗೆ ಬಂದು, ಕೂಸಿಗೆ ಹಾಸಿದ್ದ ಕೌದಿಯನ್ನು ಸರಿಸಿ, ಕೈ ಇಳಿಬಿಟ್ಟು ಹಲಗೆಯ ಒಳಮೈ ಸವರಿದ. ತನ್ನ ಬಣ್ಣಕ್ಕೆ ಬೆರೆಸುವ ಅರಗಿನ ನುಣುಪು ಅವನ ಬೆರಳಿಗೆ ಕತ್ತಲೆಯಲ್ಲೂ ತಿಳಿಯುತ್ತಿತ್ತು. ಇಲ್ಲಿ ಅರಗಿರಲಿಲ್ಲ. ಬರಿಯ ಕಟ್ಟಿಗೆ. ಬಡಿಗನ ರಂದಾ ಕಳ್ಳನನ್ನು ಸಿಪ್ಪೆ ಸಿಪ್ಪೆ ಕೆತ್ತಿಹಾಕಿತ್ತು.

ಅವನು ತಲೆ ಎತ್ತಿದಾಗ ಈರಬಸಪ್ಪ ಗೋಡೆ ನೋಡುತ್ತಿದ್ದ.

"ಮಡಿವಾಳೆಪ್ಪಾ," ಎಂದಳು ಮಹಾದೇವಕ್ಕ, "ಅಲ್ಲಿ ಬ್ಯಾರೆ ಏನರ ಇತ್ತೇನು? ನಿನ್ನ ಕಥಿ ನಿನ್ನ ಬಾಯಲೆ ಹೇಳಪ್ಪಾ, ಕೇಳ್ತೀವಿ."

"ಒಬ್ಬ ಕಳ್ಳ ಇದ್ದನ್ರಿ..." ಎಂದು ಶುರುಮಾಡಿದ. ಗುರವ್ವ ಆಗಲೇ ಗಡಿಗಿ ಅಜ್ಜಾರಿಗೆ ಆರತಿ ಎತ್ತಿದ್ದಳು. ಕುಂಕುಮ ಗಡಿಗೆಯ ಮೇಲೆ ಬಿದ್ದಿತ್ತು. ಮಡಿವಾಳೆಪ್ಪ ಬಾಯಿ ಮುಚ್ಚಿದ.

ಸಂಜೆಯ ಬಸ್ಸು ಒಂದೇ. ಈರಬಸಪ್ಪ ಕಿಟಕಿಯ ಹತ್ತಿರ ಕೂತು, ಪಕ್ಕದಲ್ಲಿ ಜಾಗ ಹಿಡಿದಿದ್ದ.

"ಬಾ, ಕುಂದರು. ಮುಂದಿನ ತೊಟ್ಟಿಲ ಮೊರಬದ ಸೀತಾಬಾಯಾರ್ದು. ಬಾಲಕೃಷ್ಣನ್ನ ಕೇಳ್ಯಾರ." ಹಲ್ಲು ಕಿರಿದ. "ಬೆಣ್ಣಿ ಕದಿಯೂದೊಂದು ಬಿಟ್ಟು ಎಲ್ಲಾ ಬರಿ."

ಅದು ಚೇಷ್ಟೆಯೋ ನಿಜವೋ ಮಡಿವಾಳೆಪ್ಪನಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಕಂಡಕ್ಟರ್ ಎರಡು ಸಲ ಕೂತುಕೊಳ್ಳಿರೆಂದು ಹೇಳಿದ. ಮಡಿವಾಳೆಪ್ಪ ಮೇಲಿನ ಸರಳು ಹಿಡಿದು ಕಲಘಟಗಿಯವರೆಗೆ ನಿಂತೇ ಬಂದ.