ಖಾಲಿ ಮಂಚಗಳೆಲ್ಲ ಭರ್ತಿ

ದಾಖಲಾತಿ ಕೌಂಟರಿನ ಪರದೆಯ ಪ್ರಕಾರ ಆಸ್ಪತ್ರೆಯ ಮಂಚಗಳೆಲ್ಲ ಭರ್ತಿಯಾಗಿದ್ದವು. ಅಷ್ಟರಲ್ಲಿ ಮೂರನೇ ಮಹಡಿಯ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನ ನಾದಿನಿ ಫೋನ್ ಮಾಡಿದಳು.

"ಅತ್ತಿಗೆ, ನಿಮ್ಮ ಕಂಪ್ಯೂಟರಿನ ಕಣ್ಣಿಗೆ ಪೊರೆ ಬಂದಿದ್ಯಾ? ಇಲ್ಲಿ ಅರ್ಧ ವಾರ್ಡ್ ಖಾಲಿ. ಬೇಕಿದ್ರೆ ಕುಂಟೆಬಿಲ್ಲೆ ಆಡಬಹುದು."

ಕೌಂಟರಿನ ಮುಂದೆ ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಸೊಂಟದ ಮೂಳೆ ಮುರಿದಿತ್ತು. ಮೂಳೆ ಡಾಕ್ಟರು ಮಧ್ಯಾಹ್ನ ಹೊರಟರೆ ಮತ್ತೆ ಬರುವುದು ಮುಂದಿನ ವಾರ. ಮಂಚ ಸಿಗದ ರೋಗಿಯನ್ನು ಆಪರೇಷನ್ನಿಗೆ ಒಳಗೆ ಬಿಡುವುದಿಲ್ಲ. ಅಜ್ಜಿಯ ಮಗಳು ಗುಮಾಸ್ತನನ್ನು ಬೈದು ಬೈದು ದಣಿದಿದ್ದಳು.

"ನಾನೇನು ಮಾಡ್ಲಿ ಮೇಡಂ," ಗುಮಾಸ್ತ ನನ್ನ ಕಡೆ ತಿರುಗಿದ. "ಈ ಪರದೆ ಮೇಲೆ ಮಂಚ ಹಸಿರು ಆಗ್ದೆ ನಾನು ತಲೆಕೆಳಗಾಗಿ ನಿಂತ್ರೂ ಇದು ಕೇಳಲ್ಲ."

ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಅದು ನನ್ನ ಗಂಡನ ಕೆಲಸವಾಗಿತ್ತು. ಅವರು ತೀರಿಕೊಂಡ ಮೇಲೆ, ಇವಳೂ ಅದನ್ನೇ ಓದಿದ್ದಾಳಲ್ಲ ಎಂದು ನನ್ನನ್ನು ಅದೇ ಕುರ್ಚಿಗೆ ಕರೆದರು. ಬಂದು ಕೂತೆ.

ಯಂತ್ರಗಳೆಲ್ಲ ಸರಿಯಾಗಿದ್ದವು. ಹಾಗಾಗಿ ನಡೆದು ನೋಡೋಣವೆಂದು ಹೊರಟೆ.

ವಾರ್ಡಿನಲ್ಲಿ ನಾದಿನಿ ತನ್ನ ಪರದೆ ತೋರಿಸಿದಳು. ರೋಗಿ ಮನೆಗೆ ಹೊರಟ ಕೂಡಲೇ ಅವಳು ಮಂಚ ಖಾಲಿಯೆಂದು ಗುಂಡಿ ಒತ್ತಿದ್ದಳು. ಮಂಚಗಳ ಮೇಲೆ ಹಳೆಯ ಹಾಸುಗಳು ಮುದ್ದೆಯಾಗಿ ಬಿದ್ದಿದ್ದವು. "ಲಾಂಡ್ರಿಯವರು ಇತ್ತ ತಲೆ ಹಾಕಿಲ್ಲ" ಎಂದಳು.

ಲಾಂಡ್ರಿ ನೆಲಮಾಳಿಗೆಯಲ್ಲಿದೆ. ವಾರ್ಡಿನಲ್ಲಿ ಗುಂಡಿ ಒತ್ತಿದರೆ ಅಲ್ಲಿನ ಗೋಡೆಯ ಗಂಟೆ ಹೊಡೆಯಬೇಕು. ಅಲ್ಲಿನ ಹಿರಿಯಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಾರೆ.

"ಗಂಟೆನೇ ಹೊಡೀಲಿಲ್ಲ ಕಣಮ್ಮ," ಎಂದಳು. "ಇವತ್ತು ಯಾರೂ ಮನೆಗೆ ಹೋಗಿಲ್ಲ, ಎಲ್ಲರಿಗೂ ಇಲ್ಲಿನ ಗಂಜಿ ರುಚಿ ಹತ್ತಿದೆ ಅಂತ ನಗ್ತಾ ಇದ್ವಿ."

ಗಂಟೆ ಹೊಡೆಯದಿದ್ದರೆ ಹಾಸು ಬದಲಾಗುವುದಿಲ್ಲ. ಹಾಸು ಬದಲಾಗದಿದ್ದರೆ ನೆಲ ಒರೆಸುವವರು ಬರುವುದಿಲ್ಲ. ಅವರು ಒರೆಸಿ ಮುಗಿಸಿದೆವೆಂದು ಒತ್ತದಿದ್ದರೆ ಕೌಂಟರಿನಲ್ಲಿ ಮಂಚ ಹಸಿರಾಗುವುದಿಲ್ಲ. ಯಾರೂ ತಪ್ಪು ಮಾಡಿರಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿಯಲ್ಲಿ ಏನೋ ನಿಂತಿತ್ತು. ಏನದು? ಬಹಳ ದಿನಗಳ ಮೇಲೆ ನನಗೆ ಒಂದು ವಿಷಯ ತಿಳಿಯಬೇಕು ಅನ್ನಿಸಿತು. ಮೆಟ್ಟಿಲು ಹತ್ತುವಾಗ ಬೇಗ ಬೇಗ ಹತ್ತಿದೆ.

ಕಾರಣ ಸಿಕ್ಕಿತು. ವಾರ್ಡಿನದೂ ಲಾಂಡ್ರಿಯದೂ ಬೇರೆ ಬೇರೆ ಕಂಪನಿಯ ಪ್ರೋಗ್ರಾಮುಗಳು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ಒಂದು ಕೊಂಡಿ ಕಟ್ಟಿದವರು ನನ್ನ ಗಂಡ. ಅವಸರದಲ್ಲಿ ಕಟ್ಟಿರಬೇಕು. ಆಸ್ಪತ್ರೆಯ ಹೆಸರು ಕೊಡುವ ಬದಲು ತಮ್ಮ ಲಾಗಿನ್ ಹೆಸರನ್ನೇ ಕೊಟ್ಟಿದ್ದರು. ಗುಂಡಿ ಒತ್ತಿದಾಗಲೆಲ್ಲ ಆ ಸುದ್ದಿ ಅವರ ಹೆಸರು ಹೇಳಿಕೊಂಡು ಲಾಂಡ್ರಿಯ ಒಳಗೆ ಹೋಗುತ್ತಿತ್ತು.

ನಿನ್ನೆ ಸಂಜೆ ನಾನು ಆ ಹೆಸರನ್ನು ಮುಚ್ಚಿಸಿದ್ದೆ. ಸಿಬ್ಬಂದಿ ವಿಭಾಗದ ಯಂತ್ರ, ನಿಮ್ಮ ರಜೆಗಳು ಉಳಿದಿವೆ, ದಯವಿಟ್ಟು ಬಳಸಿಕೊಳ್ಳಿ ಎಂದು ಅವರಿಗೆ ಸಂದೇಶ ಕಳಿಸುತ್ತಲೇ ಇತ್ತು.

ಸಿಬ್ಬಂದಿ ವಿಭಾಗಕ್ಕೆ ಫೋನ್ ಮಾಡಿ, ಹೆಸರನ್ನು ಮತ್ತೆ ತೆರೆಯಲು ಆಗುತ್ತದೆಯೇ ಎಂದೆ.

"ಅವರು ವಾಪಸ್ ಕೆಲಸಕ್ಕೆ ಸೇರಿದ್ರೆ ಮಾತ್ರ ಮೇಡಂ," ಎಂದ ಹುಡುಗಿ, ತಕ್ಷಣ "ಅಯ್ಯೋ" ಎಂದಳು.

"ಪರವಾಗಿಲ್ಲ" ಎಂದು ಫೋನ್ ಇಟ್ಟೆ.

ಹಾಗಾದರೆ ಕೊಂಡಿಗೆ ಹೊಸ ಹೆಸರು ಬೇಕು. ನಾದಿನಿ ಅಷ್ಟರಲ್ಲಿ ಇಳಿದು ಬಂದು ನನ್ನ ಹಿಂದೆ ನಿಂತಿದ್ದಳು.

"ಅಣ್ಣನ ಹೆಸರು ಅಲ್ಲೇ ಇರಬಹುದಿತ್ತು. ಅದೇನು ಅನ್ನ ಕೇಳ್ತಿತ್ತಾ?"

ನಾನು ಪರದೆಯಲ್ಲಿ ಹೊಸ ಹೆಸರಿನ ಖಾನೆ ತೆರೆದೆ.

"ಹೋಗ್ಲಿ, ನಿಮ್ಮ ಹೆಸರೇ ಹಾಕಿ."

"ಬೇಡ. ನಾಳೆ ನನ್ನ ಹೆಸರನ್ನೂ ಯಾರೋ ಮುಚ್ತಾರೆ. ಆಗ ಇನ್ನೊಬ್ಬರು ಅಜ್ಜಿ ಕಾಯ್ತಾರೆ."

ಅವಳು ನನ್ನ ಭುಜ ಹಿಡಿದು ಒಮ್ಮೆ ಒತ್ತಿ, ವಾರ್ಡಿಗೆ ಓಡಿದಳು. 'ವಾರ್ಡ್ ಲಾಂಡ್ರಿ' ಎಂದು ಹೆಸರು ಕೊಟ್ಟು, ನನ್ನ ಗಂಡ ಬರೆದದ್ದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ಸೇರಿಸಿದೆ. ನಾದಿನಿ ಮತ್ತೆ ಗುಂಡಿ ಒತ್ತಿದಳು. ನಾನು ಗಂಟೆ ಕೇಳಲು ಕೆಳಗೆ ಹೋದೆ.

ಗಂಟೆ ಹೊಡೆಯಲಿಲ್ಲ.

ಲಾಂಡ್ರಿಯ ಹೆಂಗಸರು ಬಿಸಿ ಹಾಸುಗಳ ರಾಶಿಗೆ ಒರಗಿ ಟೀ ಕುಡಿಯುತ್ತಿದ್ದರು. ನಾನು ಗೋಡೆಯ ಗಂಟೆಯನ್ನೇ ನೋಡುತ್ತ ನಿಂತೆ. ಎಲ್ಲಿ ತಪ್ಪಿದೆ?

"ಅದನ್ಯಾಕೆ ಹಂಗೆ ದುರುಗುಟ್ಟಿ ನೋಡ್ತೀಯ? ಈಗ ಹೊಡಿಯಲ್ಲ, ಕೂತ್ಕೋ," ಎಂದಳು ಇಸ್ತ್ರಿ ಅಕ್ಕ. "ಟೀ ಮುಗಿಯೋವರೆಗೂ ಅದು ಬಾಯಿ ಮುಚ್ಕೊಂಡಿರುತ್ತೆ."

"ಯಾಕೆ?"

"ಯಾಕೆ ಅಂದ್ರೆ? ಒಂದು ಗುಟುಕು ಕುಡಿಯೋಕೂ ಬಿಡ್ತಿರಲಿಲ್ಲ ಅದು. ನಿನ್ನ ಗಂಡನ ಹತ್ರ ಜಗಳ ಮಾಡಿದ್ವಿ. ಒಂದು ವಾರ ನಮ್ಮ ಜತೆ ಇಲ್ಲೇ ಕೂತು ಟೀ ಕುಡಿದ. ಆಮೇಲೆ ಏನು ಮಾಡಿದ್ನೋ, ಈ ಹೊತ್ತಲ್ಲಿ ಗಂಟೆ ಕಾಯುತ್ತೆ."

ಮನೆಯಲ್ಲಿ ಅವರು ಟೀ ಮುಟ್ಟುತ್ತಿರಲಿಲ್ಲ.

ಇನ್ನಷ್ಟು ಕೇಳಬೇಕೆನಿಸಿತು. ಆದರೆ ಹೊತ್ತಿರಲಿಲ್ಲ. "ಅಕ್ಕ, ಮೇಲೆ ಒಬ್ಬರು ಅಜ್ಜಿ ಮಂಚಕ್ಕೆ ಕಾಯ್ತಿದ್ದಾರೆ. ಸೊಂಟ ಮುರಿದಿದೆ. ಡಾಕ್ಟರು ಹೊರಟುಬಿಡ್ತಾರೆ."

"ಅಯ್ಯೋ ನಿನ್ನ! ಬಾಯಿ ಬಿಟ್ಟು ಹೇಳಬಾರ್ದಾ?" ಅಕ್ಕ ಲೋಟ ಕೆಳಗಿಟ್ಟಳು. "ಏಳ್ರೇ, ಏಳ್ರೇ! ಗಂಟೆಗೆ ಕಾಯೋಕೆ ನಾವೇನು ಸ್ಕೂಲ್ ಮಕ್ಕಳಾ?"

ನನ್ನ ಕೈಗೂ ಒಂದು ಕಟ್ಟು ಹಾಸು ಬಂತು, ಬಿಸಿಬಿಸಿ. ಮೆಟ್ಟಿಲ ತಿರುವಿನಲ್ಲಿದ್ದಾಗ ಕೆಳಗೆ ಖಾಲಿ ಕೋಣೆಯಲ್ಲಿ ಗಂಟೆ ಹೊಡೆಯತೊಡಗಿತು. ಅಕ್ಕ ತಿರುಗಿಯೂ ನೋಡಲಿಲ್ಲ.

ಹಾಸು ಹಾಸಿದೆವು. ನೆಲ ಒರೆಸುವವರು ಬಂದರು. ಗುಮಾಸ್ತ ಮಹಡಿಗೆ ಕೇಳುವಂತೆ "ಹಸಿರು!" ಎಂದು ಕೂಗಿದನಂತೆ.

ಅಜ್ಜಿಯ ಗಾಲಿಕುರ್ಚಿ ಲಿಫ್ಟಿನಿಂದ ಹೊರಬಂತು. ನಾನು ಬೆವರಿದ್ದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದು ಮಂಚ ಹಾಸೋಕೆ ಇಷ್ಟು ಜನ ಬೇಕೇನಮ್ಮ?"

"ಬೇಕು ಅಜ್ಜಿ," ಎಂದೆ. "ನನಗೂ ಇವತ್ತೇ ಗೊತ್ತಾಗಿದ್ದು."