ದರ ಕೇಳದ ಬಾಜಿ

ಹನ್ನೆರಡು ವರ್ಷದಿಂದ ಕುದುರೆ ಬಾಜಿ ಕಟ್ಟಿಸಿಕೊಳ್ಳುತ್ತಿದ್ದೇನೆ, ನಾನು ಮಾತ್ರ ಒಂದು ಸಲವೂ ಕಟ್ಟಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನದು ಹತ್ತಿಕಾಳು ಹಿಂಡಿಯ ಅಂಗಡಿ, ಮೇಲೆ ಮನೆ. ಮುಂದೆ ದನದ ಮೇವು, ಹಿಂದಿನ ಕೋಣೆಯಲ್ಲಿ ಮೂರು ಮೊಬೈಲು. ಬೆಂಗಳೂರಿನಲ್ಲಿ ಕುದುರೆ ಓಡಿದರೆ ಇಲ್ಲಿ ನನ್ನ ಮೊಬೈಲು ಬಡಿದುಕೊಳ್ಳುತ್ತವೆ. ಕದ್ದು ಮಾಡುವ ಕಸುಬಾದ್ದರಿಂದ ಬಾಗಿಲಲ್ಲಿ ಖಾಕಿ ಬಣ್ಣದ ಸೀರೆ ಕಂಡರೂ ಎದೆ ಝಲ್ಲೆನ್ನುತ್ತದೆ. ಆದರೆ ಆ ಭಾನುವಾರದ ಹೆದರಿಕೆ ಬೇರೆಯೇ.

"ಗೆಲ್ಲೂದು ಹೆಂಗ್ರಿ?" ಎಂದು ಗಿರಾಕಿಗಳು ನನ್ನನ್ನೇ ಕೇಳುತ್ತಾರೆ. ಹೇಳಿದರೆ ಕೇಳುವ ಪೈಕಿಯೇ ಇವರು? ಎಂಟು ರೇಸಿದ್ದರೆ ಎಂಟಕ್ಕೂ ಕಟ್ಟುತ್ತಾರೆ. ಸೋತದ್ದನ್ನೆಲ್ಲ ಕೊನೆಯ ರೇಸಿನಲ್ಲಿ ಎತ್ತಲು ಹೋಗುತ್ತಾರೆ. ಕುದುರೆಯ ಹೆಸರು ಹೆಂಡತಿಯ ಹೆಸರಿನಂತಿದೆ ಎಂದು ಕಟ್ಟಿದ ಪುಣ್ಯಾತ್ಮರೂ ಇದ್ದಾರೆ. ನನ್ನ ಮನೆಯ ಮೇಲ್ಮಹಡಿ ಎದ್ದದ್ದು ಇಂಥವರ ಆಶೀರ್ವಾದದಿಂದ.

ಗೆಲ್ಲುತ್ತಿದ್ದವರು ಒಬ್ಬರೇ. ಧಾರವಾಡ ಮಾಳಮಡ್ಡಿಯ ಅಂಬರೀಷ ಮಾಸ್ತರು, ಗಣಿತ ಕಲಿಸಿ ನಿವೃತ್ತರಾದವರು. ಅವರ ಫೋನು ತಿಂಗಳಿಗೊಮ್ಮೆ. "ನಾಲ್ಕನೇ ರೇಸು, ಎರಡನೇ ನಂಬರು. ದರ ಎಷ್ಟು?" ಗೆದ್ದರೆ ಒಂದು ರೂಪಾಯಿಗೆ ಐದು ಎಂದರೆ, "ಐದಕ್ಕ ಬ್ಯಾಡಪಾ, ಆರು ಕೊಟ್ರ ಹಾಕು" ಎಂದು ಫೋನು ಇಟ್ಟುಬಿಡುವರು. ಆಮೇಲೆ ಆ ಕುದುರೆ ಗೆದ್ದರೂ ಅವರಿಗೆ ಬೇಜಾರಿಲ್ಲ. ಎಲ್ಲರೂ ಕುದುರೆ ಹುಡುಕಿದರೆ ಮಾಸ್ತರು ದರ ಹುಡುಕುತ್ತಿದ್ದರು. ಅಂಥವರನ್ನು ಕಂಡರೆ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗೆ ನಡುಕ. ಅವರ ಬಾಜಿ ಬಂದ ಕೂಡಲೇ ಗದಗಿನ ಮುರುಗೆಪ್ಪನಿಗೆ ದಾಟಿಸಿ ನಾನು ಕೈ ತೊಳೆದುಕೊಳ್ಳುತ್ತಿದ್ದೆ. ಅವನು ನನಗಿಂತ ದೊಡ್ಡ ಬುಕ್ಕಿ.

ಆ ಭಾನುವಾರ ಮಧ್ಯಾಹ್ನ ಮಾಸ್ತರ ಫೋನು ಬಂತು. ದನಿ ನಡುಗುತ್ತಿತ್ತು.

"ರಾಜಶೇಖರ, ಐದನೇ ರೇಸು, ಏಳನೇ ನಂಬರು. ಎಂಬತ್ತು ಸಾವಿರ ಹಾಕು."

ಐದು ಸಾವಿರ ದಾಟದ ಮನುಷ್ಯ! "ಖರೇನ್ರಿ ಸರ?" ಎಂದೆ.

"ಹಾಕು ಅಂದ್ನಲ್ಲಪಾ" ಎಂದು ಫೋನು ಇಟ್ಟರು.

ಬೀರುವಿನಲ್ಲಿ ನಾಲ್ಕು ಲಕ್ಷವಿತ್ತು. ಮಗಳು ನೀಲಾಳ ಆಯುರ್ವೇದ ಕಾಲೇಜಿನ ಫೀ. ಸೋಮವಾರ ಕಟ್ಟದಿದ್ದರೆ ಸೀಟು ಹೋದಂತೆಯೇ. ಹೆಂಡತಿ ನಾಗರತ್ನಾ ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ದುಡ್ಡು ಅದು. ಆದರೆ ಮಾಸ್ತರು ಎಂಬತ್ತು ಸಾವಿರ ಹಾಕುತ್ತಾರೆಂದರೆ ಆ ಕುದುರೆ ಗೆದ್ದೇ ಗೆಲ್ಲುತ್ತದೆ ಎಂದುಕೊಂಡೆ. ಮುರುಗೆಪ್ಪನಿಗೆ ಫೋನು ಹಚ್ಚಿ, ಮಾಸ್ತರ ಬಾಜಿಯ ಜೊತೆಗೆ ನನ್ನ ನಾಲ್ಕು ಲಕ್ಷವನ್ನೂ ಹೇಳಿಬಿಟ್ಟೆ.

ದೊಡ್ಡ ಮೊತ್ತ ಕಿವಿಗೆ ಬಿದ್ದರೆ ಯಾವ ಬುಕ್ಕಿಯೂ ಮೊದಲು ದರ ಇಳಿಸುತ್ತಾನೆ. ಮುರುಗೆಪ್ಪ ಇಳಿಸಲಿಲ್ಲ. "ಆತು, ಬರ್ಕೊಂಡೆ" ಎಂದ. ಆಮೇಲೆ ಸಣ್ಣಗೆ ನಕ್ಕ. "ಒಂದಕ್ಕ ಎಂಟು ಐತಿ. ದರಾನ ಕೇಳಲಿಲ್ಲಲ್ಲೋ ರಾಜಾ ನೀ? ಗಿರಾಕಿ ಆದಿ ಏನ್ ಮತ್ತ?"

ನಾನು ದರ ಕೇಳಿರಲಿಲ್ಲ. ಮಾಸ್ತರೂ ಕೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು, ಅದು ನನಗೆ ಹೊಳೆದೇ ಇರಲಿಲ್ಲ.

ಮಾಸ್ತರಿಗೆ ಫೋನು ಮಾಡಿದೆ. ಆ ಕಡೆ ಅವರ ಹಿಂದೆ ಯಾರೋ ರೋಗಿಗಳ ಹೆಸರು ಕೂಗುತ್ತಿದ್ದರು.

"ಸರ, ಆ ಕುದುರಿ ಬಗ್ಗೆ ಏನರ ಗೊತ್ತೈತೇನ್ರಿ ನಿಮಗ?"

"ನಮ್ಮ ಮನಿಯಾಕಿಗೆ ಎದಿ ಆಪರೇಶನ್ ಅದಪಾ. ಆರು ಲಕ್ಷ ಕೇಳ್ಯಾರ. ನನ್ನ ಹತ್ರ ಎಂಬತ್ತು ಸಾವಿರ ಇತ್ತು. ಯಾವ ಕುದುರಿಗೆ ಎಂಟರ ದರ ಅದ ಅಂತ ಪೇಪರ್‌ನ್ಯಾಗ ನೋಡಿದೆ, ಅದನ್ನ ಹೇಳಿದೆ." ಉಸಿರು ಎಳೆದುಕೊಂಡರು. "ಗೊತ್ತಿದ್ದು ಹಾಕಿಲ್ಲ. ಬೇಕಾಗಿತ್ತು, ಹಾಕೇನಿ."

ಮತ್ತೆ ಮುರುಗೆಪ್ಪನಿಗೆ ಹಚ್ಚಿದೆ. "ಕಾಕಾ, ನಂದು ವಾಪಸ್ ತಗೋರಿ. ಕೈ ಮುಗೀತೇನಿ."

"ಹುಚ್ಚೇನಲೇ? ನಮ್ಮ ಧಂದ್ಯಾಗ ಮಾತು ಅಂದ್ರ ಮಾತು" ಎಂದ. ನಿಜ. ನಮ್ಮಲ್ಲಿ ಸಹಿಯಿಲ್ಲ, ಕಾಗದವಿಲ್ಲ. ಬಾಯಿಂದ ಜಾರಿದರೆ ಮುಗಿಯಿತು. ಎಷ್ಟು ಜನ ನನ್ನೆದುರು ಹೀಗೇ ಕೈ ಮುಗಿದಿದ್ದರು, ನಾನೂ ಹೀಗೇ ಅಂದಿದ್ದೆ.

ರೇಸಿಗೆ ಹತ್ತು ನಿಮಿಷವಿತ್ತು. ಮೇಲಿನಿಂದ ನೀಲಾ ಇಳಿದು ಬಂದಳು, ಕೈಯಲ್ಲಿ ಮಾರ್ಕ್ಸ್ ಕಾರ್ಡುಗಳ ಫೈಲು.

"ಅಪ್ಪಾ, ನಾಳೆ ಮುಂಜಾನೆ ಎಂಟಕ್ಕ ಹೋಗೂಣಲ್ಲ? ಯಾಕ ಹಿಂಗ ಬೆವ್ರಾಕತ್ತೀರಿ?"

"ಭಾಳ ಶಕಿ ಐತವ್ವಾ" ಎಂದೆ. ಅವಳು ಹೋಗದೆ ಅಲ್ಲೇ ಹಿಂಡಿಚೀಲದ ಮೇಲೆ ಕೂತು ಕಾಗದಗಳನ್ನು ಜೋಡಿಸತೊಡಗಿದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊಬೈಲಿನಲ್ಲಿ ಕುದುರೆಗಳು ಬಿಟ್ಟವು. ಏಳನೆಯದು ಹಿಂದೆ, ತೀರ ಹಿಂದೆ. ತಿರುವಿನಲ್ಲಿ ಕಾಣಿಸಲೇ ಇಲ್ಲ. ನಾಗರತ್ನಾಳಿಗೆ ಏನು ಹೇಳಲಿ, ಯಾವ ಮುಖ ಇಟ್ಟುಕೊಂಡು ಮೇಲೆ ಹತ್ತಲಿ ಎಂದು ಯೋಚಿಸುತ್ತಿದ್ದಾಗ ಬೇಲಿಯ ಪಕ್ಕದಿಂದ ಒಂದು ಕುದುರೆ ನುಗ್ಗಿ ಬಂತು. ಕೊನೆಗೆ ಮೂಗಿನಷ್ಟು ಅಂತರ. ಏಳನೆಯದೇ.

ಕಣ್ಣಲ್ಲಿ ನೀರು ಬಂತು. ಗೆದ್ದ ಖುಷಿಗಲ್ಲ, ಬದುಕಿದೆನಲ್ಲ ಎಂದು. ಇನ್ನು ಜನ್ಮದಲ್ಲಿ ಕಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿದೆ.

ಮುರುಗೆಪ್ಪನ ಫೋನು ಬಂತು. "ಹೊಡದಿ ಬಿಡಪಾ! ರೊಕ್ಕ ಕಳಸ್ಲ್ಯಾ, ಇಲ್ಲಾ ಕಡೀ ರೇಸಿಗೆ ಇಟ್ಕೊಳ್ಳಲ್ಯಾ?"

ಗೆದ್ದವನನ್ನು ಬುಕ್ಕಿ ಕೇಳುವ ಪ್ರಶ್ನೆ ಇದು. ದುಡ್ಡು ಅವನ ಮನೆ ಮುಟ್ಟುವ ಮೊದಲೇ ಕೇಳಬೇಕು. ನಾನೂ ನೂರಾರು ಜನರನ್ನು ಹೀಗೆ ಕೇಳಿದ್ದೇನೆ, ಬೇಡ ಎಂದವರು ಬೆರಳೆಣಿಕೆಯಷ್ಟು.

"ಮಾಸ್ತರದು ಈಗ ಲಗೂನ ಕಳಸ್ರಿ" ಎಂದೆ.

"ನಿಂದು?"

ನೀಲಾ ಫೈಲಿನ ದಾರ ಕಟ್ಟಿ ನನ್ನತ್ತ ನೋಡಿ ನಕ್ಕಳು. ನನ್ನ ಬಾಯಿ ಏನು ಹೇಳೀತೋ ಎಂದು ಹೆದರಿ ನಾನೇ ಅದನ್ನು ಕಾಯುತ್ತ ಕೂತೆ.

"ಇಟ್ಕೋರಿ" ಎಂದಿತು ಬಾಯಿ.