ಹಿಂದಿನ ಶೆಡ್ಡು

ನಾಯಿಯ ಮುಂಗಾಲು ತಂತಿಬಲೆಯಲ್ಲಿ ಸಿಕ್ಕಿಕೊಂಡಿತ್ತು. ಎಳೆದರೆ ಬರುತ್ತಿರಲಿಲ್ಲ, ತಳ್ಳಿದರೂ ಹೋಗುತ್ತಿರಲಿಲ್ಲ. ಟವೆಲ್ಲಕ್ಕ ಮೊಣಕಾಲೂರಿ ಕೂತು ನೋಡಿದಳು. ಉಗುರುಗಳು ಬೆಳೆದು ಬೆಳೆದು ಕೊಕ್ಕೆಯ ಹಾಗೆ ಬಾಗಿ ತಂತಿಯನ್ನೇ ಸುತ್ತಿಕೊಂಡಿದ್ದವು. ಒಂದೊಂದೇ ಉಗುರನ್ನು ಮೆಲ್ಲಗೆ ಬಿಡಿಸಿದಳು. ಅಷ್ಟು ಹೊತ್ತೂ ನಾಯಿ ಕುಂಯ್ ಎನ್ನಲಿಲ್ಲ. ಕಾಲು ಬಿಟ್ಟುಕೊಂಡ ಮೇಲೆ ಅದನ್ನು ಹೊಟ್ಟೆಯಡಿಗೆ ಎಳೆದುಕೊಂಡು ಇದ್ದಲ್ಲೇ ಮುದುಡಿ ಮಲಗಿತು.

ಅವಳು ಅಲ್ಲಿಗೆ ಬಂದದ್ದು ಕಸಬರಿಗೆ ಹುಡುಕಿಕೊಂಡು. ಬೀದಿಪಾಲಾದ ನಾಯಿಬೆಕ್ಕುಗಳಿಗೆ ಟೀಚರಮ್ಮ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ಈ ಆಶ್ರಯಕ್ಕೆ ಭಾನುವಾರ ತಪ್ಪದೆ ಬರುತ್ತಿದ್ದರೂ ಹಿಂದಿನ ಶೆಡ್ಡಿಗೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮೈ ಸರಿಯಿಲ್ಲದವನ್ನು ಅಲ್ಲಿ ಬೇರೆ ಇಟ್ಟಿದ್ದೇನೆ, ಗಲಾಟೆ ಮಾಡಬಾರದು ಎಂದು ಟೀಚರಮ್ಮ ಹೇಳಿದ್ದರು. ಇವಳೂ ತಲೆಯಾಡಿಸಿದ್ದಳು. ಇವತ್ತು ಕೆಲಸದಾಳು ಹೇಳದೆ ಕೇಳದೆ ಬಿಟ್ಟುಹೋಗಿದ್ದ, ಬಾಗಿಲಿಗೆ ಬೀಗವಿರಲಿಲ್ಲ.

ಒಳಗೆ ಮೂತ್ರದ ಘಾಟು ಕಣ್ಣಿಗೇ ಹೊಡೆಯಿತು. ಗೂಡಿನ ಮೇಲೆ ಗೂಡು, ಮೇಲಿನವುಗಳ ಗಲೀಜೆಲ್ಲ ಕೆಳಗಿನವುಗಳ ಬೆನ್ನ ಮೇಲೆ. ಒಂದು ನಾಯಿ ಮಲಗುವಷ್ಟು ಜಾಗದಲ್ಲಿ ಮೂರು. ನೀರಿನ ತಟ್ಟೆಗಳಲ್ಲಿ ಪಾಚಿ ಕಟ್ಟಿತ್ತು. ಮೂಲೆಯಲ್ಲಿ ಅವಳೇ ತಂದುಕೊಟ್ಟಿದ್ದ ಟವೆಲ್ಲುಗಳು ಒಗೆತ ಕಾಣದೆ ರಾಶಿ ಬಿದ್ದು ಕೊಳೆಯುತ್ತಿದ್ದವು.

ಅವಳಿಗೆ ಟವೆಲ್ಲಕ್ಕ ಎಂದು ಹೆಸರು ಬಂದದ್ದೇ ಆ ಟವೆಲ್ಲುಗಳಿಂದ. ಹೋಟೆಲ್ಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಅಂಚು ಹರಿದವು, ಏನು ಮಾಡಿದರೂ ಕಲೆ ಹೋಗದವು ಹೋಟೆಲಿನವರಿಗೆ ಬೇಡವಾಗುತ್ತಿದ್ದವು. ಎಸೆಯುವುದೇಕೆಂದು ಒಂದು ಸಲ ಮೂಟೆ ಕಟ್ಟಿ ಇಲ್ಲಿಗೆ ಹೊತ್ತು ತಂದಳು. "ಬಾಗಿಲಲ್ಲೇ ನಿಂತ್ರೆ ಹೇಗೆ? ಕೂತು ಟೀ ಕುಡಿದು ಹೋಗು," ಎಂದಿದ್ದರು ಟೀಚರಮ್ಮ. ಕೂತವಳು ಕತ್ತಲಾಗುವ ತನಕ ಎದ್ದಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು, ವಾರವಿಡೀ ಮಷೀನುಗಳ ಸದ್ದಿನಲ್ಲಿ ಕೈಸನ್ನೆಯಲ್ಲೇ ಬದುಕುವವಳು, ಅಂದಿನಿಂದ ತಾನು ಆಡಬೇಕಾದ ಮಾತನ್ನೆಲ್ಲ ಭಾನುವಾರಕ್ಕೆಂದು ಕೂಡಿಟ್ಟುಕೊಳ್ಳತೊಡಗಿದಳು. ಜ್ವರ ಬಂದು ಮಲಗಿದಾಗ ಅವಳ ಕೋಣೆಯ ಮೆಟ್ಟಿಲು ಹತ್ತಿ ಬಂದದ್ದು ಟೀಚರಮ್ಮ ಒಬ್ಬರೇ. ಮಂಡಿನೋವಿನವರು, ಮಧ್ಯೆ ಎರಡು ಕಡೆ ಕೂತು ಸುಧಾರಿಸಿಕೊಂಡು ಬಂದಿದ್ದರು.

ಟೀಚರಮ್ಮ ಅಂಗಳದಲ್ಲಿ ನಾಯಿಗಳಿಗೆ ಅನ್ನ ಕಲಸುತ್ತಿದ್ದರು.

"ಹಿಂದುಗಡೆ ಹೋಗಿದ್ದೆ, ಟೀಚರಮ್ಮ."

"ಅಲ್ಲಿಗ್ಯಾಕೆ ಹೋದೆ?"

"ಕಸಬರಿಗೆ ಬೇಕಿತ್ತು. ಅವಕ್ಕೆ ನೀರು ಕೂಡ ಇಲ್ಲ."

"ಆಳು ಕೈಕೊಟ್ಟ ಅಂತ ಗೊತ್ತಲ್ಲ. ಇರೋದು ಎರಡು ಕೈ. ಎಲ್ಲಿ ಅಂತ ನೋಡ್ಲಿ?"

"ಒಂದರ ಉಗುರು ತಂತಿಗೆ ಸುತ್ಕೊಂಡಿತ್ತು. ಅಷ್ಟು ಉದ್ದ ಬೆಳೀಬೇಕಾದ್ರೆ..."

ಟೀಚರಮ್ಮನ ಕೈ ಅನ್ನದಲ್ಲೇ ನಿಂತಿತು. ಮುಖ ಕೆಂಪಾಯಿತು. ಸಿಟ್ಟಿಗೋ ನಾಚಿಕೆಗೋ ಅವಳಿಗೆ ತಿಳಿಯಲಿಲ್ಲ. "ನಿನಗೆ ಆಯಾಸವಾಗಿದೆ. ಹೋಗು, ಟೀ ಆರಿಹೋಗತ್ತೆ," ಎಂದರು.

ಹೇಳಿ ಹಂಗಿಸುವುದಕ್ಕಿಂತ ಮಾಡಿ ತೋರಿಸುವುದೇ ಸರಿ ಎನಿಸಿ ಟವೆಲ್ಲಕ್ಕ ಅಂದಿನಿಂದ ಕೆಲಸ ಮುಗಿದ ಮೇಲೂ ಬರತೊಡಗಿದಳು. ಗೂಡು ತೊಳೆದಳು, ನೀರಿಟ್ಟಳು, ಟವೆಲ್ಲುಗಳನ್ನು ಲಾಂಡ್ರಿಗೆ ಕದ್ದು ಒಯ್ದು ಒಗೆದು ತಂದಳು. ಆದರೆ ಅವಳು ಒಂದು ಗೂಡು ತೆರವು ಮಾಡಿದರೆ ಟೀಚರಮ್ಮ ಎರಡು ಪ್ರಾಣಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ನಾಯಿಮರಿಗಳನ್ನು ತಂದು ಗೇಟಿನ ಹತ್ತಿರ ಇಟ್ಟುಹೋದರು. ಮುಂದೆ ಜಾಗವಿರಲಿಲ್ಲ, ಮರಿಗಳೂ ಶೆಡ್ಡಿಗೇ ಹೋದವು. ಅಲ್ಲಿನ ರೋಗ ತಗುಲಿ ವಾರ ತುಂಬುವುದರೊಳಗೆ ಒಂದೂ ಉಳಿಯಲಿಲ್ಲ. ಟೀಚರಮ್ಮ ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತರು, ಅತ್ತರು. ಕಣ್ಣೊರೆಸಿಕೊಂಡು ಬಂದವರು ಗೇಟಿನಲ್ಲಿ ಯಾರೋ ಹಿಡಿದು ನಿಂತಿದ್ದ ಬೆಕ್ಕನ್ನು ಕೈಚಾಚಿ ತೆಗೆದುಕೊಂಡರು.

ಮುಂದಿನ ಭಾನುವಾರ, ಅವಳ ಹಾಗೇ ಆಶ್ರಯದ ಕೆಲಸಕ್ಕೆ ಕೈಜೋಡಿಸಲು ಬರುತ್ತಿದ್ದವರೆಲ್ಲ ಟೀಗೆ ಕೂತಾಗ ಅವಳು ಬಾಯಿಬಿಟ್ಟಳು. "ಇಷ್ಟು ಜನ ಇದ್ದೀವಿ. ಸರದಿ ಮೇಲೆ ಶೆಡ್ಡು ತೊಳೆಯೋಣ. ಸ್ವಲ್ಪ ದಿನ ಹೊಸದಾಗಿ ಯಾವುದನ್ನೂ ತಗೊಳ್ಳೋದು ಬೇಡ."

ಔಷಧಿ ಅಂಗಡಿಯ ಹೆಂಗಸು ತನ್ನ ಲೋಟದೊಳಗೆ ನೋಡುತ್ತ ಕೂತಳು. ನಾಯಿಗಳಿಗೆ ಸ್ನಾನ ಮಾಡಿಸಿ, ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿ, ಫೋಟೋ ತೆಗೆದು ಫೋನಿನಲ್ಲಿ ನಾಲ್ಕು ಜನಕ್ಕೆ ತೋರಿಸುತ್ತಿದ್ದ ಫೋಟೋದವನು ಮಾತ್ರ ನಕ್ಕ. "ಅಕ್ಕ, ಮನೆ ಮಾತು ಮನೇಲೇ ಇರ್ಲಿ. ಆಚೆ ಹೋದ್ರೆ ಆಶ್ರಯ ಮುಚ್ಚಿಸ್ತಾರೆ. ಆಗ ಇವೆಲ್ಲ ಎಲ್ಲಿಗೆ ಹೋಗ್ಬೇಕು, ನಿಮ್ಮ ಕೋಣೆಗಾ?"

ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ. ಎದ್ದು ಒಳಗೆ ಹೋದರು.

ಟವೆಲ್ಲಕ್ಕ ಊರಿನಲ್ಲಿದ್ದ ತನ್ನ ಅಣ್ಣನಿಗೆ ಫೋನು ಮಾಡಿದಳು. "ನಿನಗ್ಯಾಕೆ ಊರ ಉಸಾಬರಿ?" ಎಂದ ಅವನು. "ಹೋಗಿ ಬರೋಕೆ ಅಂತ ಇರೋದೇ ಒಂದು ಮನೆ. ಅದನ್ನೂ ಕಳ್ಕೋತೀಯ." ಅಣ್ಣ ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅವಳು ಇನ್ನೂ ಕೆಲವು ದಿನ ಸುಮ್ಮನಿದ್ದಳು. ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿಗೆ ಒಡ್ಡುವಾಗ, ಮಡಿಸುವಾಗ, ಹೊಟ್ಟೆಯಡಿಗೆ ಕಾಲೆಳೆದುಕೊಂಡ ಆ ನಾಯಿ ಕಣ್ಣಮುಂದೆ ಬರುತ್ತಿತ್ತು. ಕಡೆಗೊಂದು ದಿನ ಊಟದ ಬಿಡುವಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ ಬೆಂಚಿನಲ್ಲಿ ಕೂತಳು.

ಡಾಕ್ಟರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವರು ನನಗೂ ಗೊತ್ತಮ್ಮ. ಒಳ್ಳೆಯವರು."

"ಹೌದು ಸಾರ್. ಒಳ್ಳೆಯವರೇ," ಎಂದಳು.

"ನಿಮ್ಮ ಹೆಸರು ಆಚೆ ಬರಲ್ಲ. ಬೇಡ ಅಂದ್ರೆ ನಾನು ಯಾರಿಗೂ ಹೇಳಲ್ಲ."

"ನೀವು ಹೇಳೋದು ಬೇಡ ಸಾರ್. ನಾನೇ ಹೇಳ್ತೀನಿ."

ಅದೇ ಸಂಜೆ ಹೋದಳು. ಟೀಚರಮ್ಮ ಜಗಲಿಯಲ್ಲಿ ಕೂತು ಕಣ್ಣು ಬಿಡದ ಬೆಕ್ಕಿನಮರಿಯೊಂದಕ್ಕೆ ಹನಿಹನಿಯಾಗಿ ಹಾಲು ಕುಡಿಸುತ್ತಿದ್ದರು.

"ನಾಳೆ ಡಾಕ್ಟ್ರು ನೋಡೋಕೆ ಬರ್ತಾರೆ, ಟೀಚರಮ್ಮ. ನಾನೇ ಹೋಗಿ ಹೇಳ್ದೆ."

ಮರಿ ಕುಡಿದು ಮುಗಿಸುವ ತನಕ ಅವರು ತಲೆಯೆತ್ತಲಿಲ್ಲ. ಅದರ ಬಾಯಿ ಒರೆಸಿ ಮಡಿಲಲ್ಲಿಟ್ಟುಕೊಂಡರು.

"ಅಷ್ಟು ವರ್ಷ ಪಾಠ ಮಾಡಿದೆ. ಚಾಡಿ ಹೇಳೋ ಮಕ್ಕಳನ್ನ ನಾನು ಯಾವತ್ತೂ ಹತ್ರ ಸೇರಿಸಲಿಲ್ಲ."

ಟೀಚರಮ್ಮ ಹಾಲಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಈ ಬಾಗಿಲಿಗೆ ಬಂದಿದ್ದನ್ನ ಒಂದನ್ನಾದ್ರೂ ವಾಪಸ್ ಕಳಿಸಿದ್ದೀನಾ? ಹೇಳು."

"ಇಲ್ಲ."

"ಮತ್ತೆ ನಾನು ಮಾಡಿದ ತಪ್ಪೇನು?"

"ಆ ನಾಯಿ ಕೂಗೋದನ್ನೇ ಬಿಟ್ಬಿಟ್ಟಿದೆ, ಟೀಚರಮ್ಮ," ಎಂದಳು.

ಟೀಚರಮ್ಮ ಮರಿಯ ಬೆನ್ನು ಸವರಿದರು. "ಹೊರಡು ನೀನು," ಎಂದರು. ಅವಳು ಅಂಗಳ ದಾಟುವಾಗ ಹಿಂದಿನಿಂದ ದನಿ ಬಂತು: "ಗೇಟು ಸರಿಯಾಗಿ ಹಾಕು. ಮರಿಗಳು ಆಚೆ ಬರ್ತವೆ."

ಆಮೇಲೆ ನಡೆದದ್ದನ್ನು ಅವಳು ಕಣ್ಣಾರೆ ನೋಡಲಿಲ್ಲ. ಬೀದಿಯಲ್ಲಿ ಎದುರಾದ ಔಷಧಿ ಅಂಗಡಿಯ ಹೆಂಗಸು ಅಂಗಡಿಯೊಂದರ ನೆರಳಿಗೆ ಕರೆದು ಹೇಳಿದಳು. ಡಾಕ್ಟರು ಬಂದು ಶೆಡ್ಡು ಖಾಲಿ ಮಾಡಿಸಿದರಂತೆ. ವ್ಯಾನು ಬಂದು ಹೋಗಿ ಮಾಡಿತಂತೆ. ಕೈಮೀರಿದ್ದ ಕೆಲವಕ್ಕೆ ಅಲ್ಲೇ ನೋವಿಲ್ಲದೆ ಪ್ರಾಣ ಹೋಗುವ ಸೂಜಿ ಚುಚ್ಚಿದರಂತೆ, ಟೀಚರಮ್ಮ ಒಂದೊಂದರ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಆಶ್ರಯ ಮುಚ್ಚಿಲ್ಲ, ಆದರೆ ಇಷ್ಟೇ ಇಟ್ಟುಕೊಳ್ಳಬೇಕೆಂದು ಹೇಳಿ ಹೋಗಿದ್ದಾರೆ.

"ನೀನು ಮಾಡಿದ್ದು ಸರೀನೇ ಅನ್ಸತ್ತೆ ನನಗೆ," ಎಂದಳು ಆಕೆ. "ಆದ್ರೆ ನಾನು ನಿನ್ನ ಮಾತಾಡಿಸಿದೆ ಅಂತ ಅಲ್ಲಿ ಯಾರಿಗೂ ಗೊತ್ತಾಗೋದು ಬೇಡ."

ಉಗುರಿನ ನಾಯಿಯ ಗತಿ ಏನಾಯಿತೆಂದು ಆಕೆಗೆ ಗೊತ್ತಿರಲಿಲ್ಲ. ಟವೆಲ್ಲಕ್ಕನೇ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. "ಉಗುರು ಕತ್ತರಿಸಿದ್ವಿ. ಬೇರೆ ಊರಿನವರು ಕರ್ಕೊಂಡು ಹೋದ್ರು. ಕುಂಟತ್ತೆ, ಆದ್ರೆ ಚೆನ್ನಾಗಿ ತಿನ್ನತ್ತೆ," ಎಂದರು. ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳೋಣವೆಂದರೆ ಯಾರೂ ಇರಲಿಲ್ಲ.

ಭಾನುವಾರಗಳು ಈಗ ಬಹಳ ಉದ್ದವಾದವು. ಕೋಣೆ ಗುಡಿಸಿದಳು, ಗುಡಿಸಿದ್ದನ್ನೇ ಒರೆಸಿದಳು, ಕಿಟಕಿಯ ಪರದೆ ಇಳಿಸಿ ಒಗೆದು ಇಸ್ತ್ರಿ ಮಾಡಿ ಮತ್ತೆ ಕಟ್ಟಿದಳು. ಒಂದು ಸಂಜೆ, ಬೆಳಗಿನಿಂದ ತನ್ನ ದನಿಯನ್ನು ತಾನೇ ಕೇಳಿಲ್ಲವೆಂದು ಹೊಳೆದು, ಹಾಸಿಗೆಯ ಅಂಚಿನಲ್ಲಿ ಕೂತು ಸುಮ್ಮನೆ ಒಮ್ಮೆ ಕೆಮ್ಮಿ ನೋಡಿದಳು. ಯಜಮಾನರನ್ನು ಕೇಳಿಕೊಂಡು ಭಾನುವಾರವೂ ಕೆಲಸಕ್ಕೆ ಹೋಗತೊಡಗಿದಳು.

ಟೀಚರಮ್ಮನ ಫೋನು ಬಂದದ್ದು ಒಂದು ಮಧ್ಯಾಹ್ನ, ಅವಳು ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲಿನಲ್ಲಿ ಊಟ ಮುಗಿಸಿ ಕೈತೊಳೆಯುತ್ತಿದ್ದಾಗ.

"ನಾನು," ಎಂದರು ಅವರು.

"ಹೇಳಿ, ಟೀಚರಮ್ಮ."

"ಗೇಟಿನಲ್ಲಿ ಒಬ್ರು ನಿಂತಿದ್ದಾರೆ. ಚೀಲದಲ್ಲಿ ಬೆಕ್ಕು ತಂದಿದ್ದಾರೆ. ನಿಮ್ಮ ಡಾಕ್ಟ್ರು ಹೇಳಿದಷ್ಟು ಆಗ್ಲೇ ಇವೆ ಇಲ್ಲಿ. ಏನು ಹೇಳ್ಬೇಕು ಅವರಿಗೆ?"

ಚುಚ್ಚುವುದಕ್ಕೆ ಕೇಳುತ್ತಿದ್ದಾರೋ, ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದಾರೋ ದನಿಯಲ್ಲಿ ತಿಳಿಯಲಿಲ್ಲ. ಅವಳ ಒದ್ದೆ ಕೈಯಿಂದ ನೀರು ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಜಾಗ ಇಲ್ಲ ಅಂತ ಹೇಳಿ, ಟೀಚರಮ್ಮ."

ಫೋನಿನಲ್ಲಿ ಚಪ್ಪಲಿಯ ಸದ್ದು ಕೇಳಿಸಿತು, ನಿಧಾನವಾಗಿ, ಮಂಡಿನೋವಿನ ಹೆಜ್ಜೆ. ಆಮೇಲೆ ಅವರ ದನಿ: "ಜಾಗ ಇಲ್ಲಪ್ಪ." ಗಂಡಸಿನ ದನಿ ಏನೋ ಬೇಡಿಕೊಂಡಿತು. ಟೀಚರಮ್ಮ ಇನ್ನೂ ಮೆತ್ತಗೆ ಹೇಳಿದರು: "ಇಲ್ಲ." ಚೀಲದೊಳಗಿನ ಬೆಕ್ಕು ಒಂದು ಸಲ ಕೂಗಿತು. ಸ್ಕೂಟರು ಶುರುವಾಯಿತು, ಹೊರಟಿತು, ತಿರುವಿನಲ್ಲೆಲ್ಲೋ ಸಣ್ಣಗಾಯಿತು.

ಇಬ್ಬರೂ ಫೋನು ಇಡಲಿಲ್ಲ. ಬಿಡುವು ಮುಗಿದು ಒಳಗೆ ಮಷೀನುಗಳು ಒಂದೊಂದಾಗಿ ಶುರುವಾದವು. ಟವೆಲ್ಲಕ್ಕ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಆ ಕಡೆಯ ಉಸಿರನ್ನು ಕೇಳುತ್ತ ಮೆಟ್ಟಿಲ ಮೇಲೆ ನಿಂತೇ ಇದ್ದಳು.